ಮೋಡದಲ್ಲಿಟ್ಟ ಹಾಡು

ನನ್ನ ಅಮ್ಮನ ತವರು ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ಕಟ್ಟಿ ನಿಲ್ಲಿಸಿದಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಮನೆ ಹೋಯಿತು, ತೋಟ ಹೋಯಿತು, ಅಜ್ಜಿ ಹಪ್ಪಳ ಒಣಗಿಸುತ್ತಿದ್ದ ಬಂಡೆಯೂ ಹೋಯಿತು. ಉಳಿದದ್ದು ಅಮ್ಮನ ಬಾಯಲ್ಲಿದ್ದ ಮದುವೆ ಹಾಡುಗಳು. ಅರಿಶಿನ ಹಚ್ಚುವಾಗಿನದು, ಹಸೆಗೆ ಕರೆಯುವುದು, ಬೀಗರನ್ನು ಹಾಸ್ಯ ಮಾಡುವುದು, ಕೊನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು ತರಿಸುವ ಹೆಣ್ಣೊಪ್ಪಿಸುವ ಹಾಡು. 1987ರ ಮಳೆಗಾಲದಲ್ಲಿ, ನೆರೆಮನೆಯಿಂದ ಟೇಪ್ ರೆಕಾರ್ಡರ್ ಕಡ ತಂದು, ನಾನು ಅವಳಿಂದ ಮೂವತ್ತೊಂದು ಹಾಡು ಹೇಳಿಸಿ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದೆ. ಹಂಚಿನ ಮೇಲೆ ಮಳೆ ಬೀಳುವ ಸದ್ದೂ ಅದರೊಳಗೆ ಸೇರಿಕೊಂಡಿತ್ತು.

ಅಮ್ಮ 2004ರಲ್ಲಿ ಹೋದಳು. ಐದು ವರ್ಷದ ಮೇಲೆ ನನ್ನ ಅಣ್ಣನ ಮಗ ಕ್ಯಾಸೆಟ್ಟುಗಳನ್ನು ಬೆಂಗಳೂರಿಗೆ ಒಯ್ದು ಕಂಪ್ಯೂಟರಿಗೆ ಹಾಕಿಸಿದ. "ಅತ್ತೆ, ಇನ್ನು ಫಂಗಸ್ಸಿನ ಭಯ ಇಲ್ಲ, ಎಲ್ಲ ಕ್ಲೌಡಲ್ಲಿ ಇಟ್ಟಿದ್ದೇನೆ. ಜಗತ್ತಿನಲ್ಲಿ ಎಲ್ಲಿ ಕೂತರೂ ಕೇಳಬಹುದು" ಎಂದ. ಮೋಡದಲ್ಲಿ ಇಟ್ಟಿದ್ದಾನಂತೆ! ನೀರಿನಲ್ಲಿ ಮುಳುಗಿದ ಊರಿನ ಹಾಡು ಮೋಡಕ್ಕೇರಿತಲ್ಲ ಎಂದು ನನಗೆ ಖುಷಿಯೇ ಆಯಿತು. ನಾವೆಲ್ಲ ಒಂದೆರಡು ಸಲ ಕೇಳಿ, ಕಣ್ಣೊರೆಸಿಕೊಂಡು, ಆಮೇಲೆ ಮರೆತೆವು. ಇದೆ ಎಂಬ ಧೈರ್ಯ ಇರುವಾಗ ಯಾರು ಪದೇ ಪದೇ ನೋಡುತ್ತಾರೆ? ಬ್ಯಾಂಕಿನ ಲಾಕರಿನಲ್ಲಿಟ್ಟ ಅವಲಕ್ಕಿ ಸರದ ಹಾಗೆ.

2018ರಲ್ಲಿ ನನ್ನ ತಂಗಿಯ ಮಗಳ ಮದುವೆ ಗೊತ್ತಾಯಿತು. ಅಮ್ಮನ ಧ್ವನಿಯಲ್ಲೇ ಹೆಣ್ಣೊಪ್ಪಿಸುವ ಹಾಡು ಹಾಕಿಸಬೇಕೆಂದು ನಮ್ಮೆಲ್ಲರ ಆಸೆ. ಅಣ್ಣನ ಮಗ ಫೋನಿನಲ್ಲಿ ಹುಡುಕಿದ, ಲ್ಯಾಪ್‌ಟಾಪಿನಲ್ಲಿ ಹುಡುಕಿದ, ಮುಖ ಸಣ್ಣದು ಮಾಡಿಕೊಂಡ. ಹಾಡು ಇಟ್ಟಿದ್ದ ಸಂಸ್ಥೆಯೇ ಇಲ್ಲ. ಅದು ಪುಕ್ಕಟೆ ಸೇವೆ. ಕೆಲವು ವರ್ಷ ನಡೆಸಿ, ಗಿಟ್ಟದೆ, ಬಾಗಿಲು ಹಾಕಿದ್ದರು. "ನಿಮ್ಮ ಸಾಮಾನುಗಳನ್ನು ಇಂಥ ದಿನದೊಳಗೆ ತೆಗೆದುಕೊಂಡು ಹೋಗಿ" ಎಂದು ಪತ್ರ ಬರೆದಿದ್ದರಂತೆ. ಅದು ಹೋದದ್ದು ಅವನ ಹಳೆಯ ಕಾಲೇಜಿನ ಇ-ಮೇಲಿಗೆ. ಅದನ್ನು ಅವನು ತೆರೆದು ನೋಡಿ ಎಷ್ಟೋ ವರ್ಷವಾಗಿತ್ತು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೇಳಿದರೂ ಈಗ ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ.

ನನಗೆ ಬಂದ ಸಿಟ್ಟನ್ನು ಹೇಳಿ ಪ್ರಯೋಜನವಿಲ್ಲ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಕಾಡಿದ್ದು ಒಂದು ಪ್ರಶ್ನೆ: ಅಷ್ಟು ವರ್ಷ ಆ ಹಾಡು ಇದ್ದದ್ದು ಎಲ್ಲಿ? ಯಾರ ಮನೆಯಲ್ಲಿ? ಅಣೆಕಟ್ಟಿನ ನೀರಿಗಾದರೆ ಸರ್ಕಾರದ ನೋಟೀಸು ಬಂದಿತ್ತು, ಗುರುತಿನ ಕಲ್ಲು ನೆಟ್ಟಿದ್ದರು. ಇಂಥ ಮಟ್ಟದವರೆಗೆ ಮುಳುಗುತ್ತದೆ ಎಂದು ಅಜ್ಜನಿಗೆ ಗೊತ್ತಿತ್ತು. ಈ ಮೋಡದ ಗಡಿಕಲ್ಲು ಎಲ್ಲಿದೆ? ನಮ್ಮ ಸಂಬಂಧದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಅವಳನ್ನು ಹಿಡಿದುಕೊಂಡೆ. ಅವಳು ಹೇಳಿದ್ದನ್ನೂ, ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನಂಥವಳಿಗೆ ಅರ್ಥವಾದದ್ದು ನಿಮಗೆ ಆಗದೆ ಇರಲಾರದು.

ಮೊದಲಿಗೆ, ಮೋಡ ಎಂಬುದು ಮೋಡವಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿಟ್ಟ ಸಾವಿರಾರು ಕಂಪ್ಯೂಟರುಗಳು ಅವು. ಹಗಲೂ ರಾತ್ರಿ ಕರೆಂಟು ಬೇಕು, ತಂಪಾಗಿಡಲು ಗಾಳಿ ಬೇಕು, ಕೆಲವು ಕಡೆ ನೀರೂ ಬೇಕು. ಟೆಲಿಫೋನು, ನೆಟ್‌ವರ್ಕುಗಳ ಎಂಜಿನಿಯರುಗಳು ನಕ್ಷೆ ಬರೆಯುವಾಗ "ಇಲ್ಲಿಂದ ಆಚೆ ಏನೇನೋ ಇದೆ, ಅದು ನಮ್ಮ ತಲೆನೋವಲ್ಲ" ಎಂಬ ಜಾಗಕ್ಕೆ ಒಂದು ಮೋಡದ ಚಿತ್ರ ಬರೆಯುತ್ತಿದ್ದರು. ಆ ಚಿತ್ರವೇ ಹೆಸರಾಯಿತು. ಅಂದರೆ ಈ ಹೆಸರು ಹುಟ್ಟಿದ್ದೇ ನೋಡದೆ ಬಿಡುವುದಕ್ಕಾಗಿ. ಭಾರತ ಸರ್ಕಾರ ತನ್ನ ಇಲಾಖೆಗಳಿಗಾಗಿ ಇಂಥದೊಂದು ವ್ಯವಸ್ಥೆ ಮಾಡಿಕೊಂಡು 2014ರಲ್ಲಿ ಚಾಲನೆ ಕೊಟ್ಟಾಗ 'ಮೇಘರಾಜ್' ಎಂದು ಹೆಸರಿಟ್ಟಿತು. ಕಾಳಿದಾಸನ ಮೋಡ ಸಂದೇಶ ಒಯ್ದರೆ ಇದು ಕಡತ ಹೊರುತ್ತದೆ.

ಆದರೆ ಇನ್ನೊಬ್ಬರ ಯಂತ್ರದಲ್ಲಿ ನಮ್ಮ ಕೆಲಸ ಮಾಡಿಸಿಕೊಳ್ಳುವುದು ಹೊಸದಲ್ಲ. ನನಗೆ ಬಹಳ ಇಷ್ಟವಾದ ಕಥೆ ಇಂಗ್ಲೆಂಡಿನ ಒಂದು ಚಹಾ ಕಂಪನಿಯದು. ಜೆ. ಲಯನ್ಸ್ ಎಂಬ ಆ ಕಂಪನಿ ಊರೂರಿನಲ್ಲಿ ಚಹಾದಂಗಡಿ ಇಟ್ಟು, ಬನ್ನು ಕೇಕು ಮಾರುತ್ತಿತ್ತು. ದಿನಕ್ಕೆ ಎಷ್ಟು ಬ್ರೆಡ್ಡು ಹೋಯಿತು, ಎಷ್ಟು ಉಳಿಯಿತು, ಯಾವುದರಲ್ಲಿ ಲಾಭ ಎಂಬ ಲೆಕ್ಕವೇ ದೊಡ್ಡ ರಗಳೆ. ಅದಕ್ಕಾಗಿ ಅವರು ತಾವೇ ಒಂದು ಕಂಪ್ಯೂಟರ್ ಕಟ್ಟಿಕೊಂಡರು. ಲಿಯೋ ಎಂದು ಹೆಸರು. 1951ರ ನವೆಂಬರಿನಿಂದ ಅದು ಬೇಕರಿಯ ಲೆಕ್ಕವನ್ನು ವಾರವಾರವೂ ಮಾಡತೊಡಗಿತು. ವ್ಯಾಪಾರದ ಲೆಕ್ಕವನ್ನು ದಿನಚರಿಯಂತೆ ಮಾಡಿದ ಮೊದಲ ಕಂಪ್ಯೂಟರ್ ಅದೇ. ಮರುವರ್ಷ ಅಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರಿದ ಮೇರಿ ಕೂಂಬ್ಸ್ ಎಂಬಾಕೆಯನ್ನು ವ್ಯಾಪಾರಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದ ಮೊದಲ ಹೆಂಗಸು ಎನ್ನುತ್ತಾರೆ. ಆಕೆ ತೀರಿಕೊಂಡದ್ದು 2022ರಲ್ಲಿ. ಸರಿ, ಬನ್ನಿನ ಲೆಕ್ಕ ಮುಗಿದ ಮೇಲೆ ಅಷ್ಟು ದೊಡ್ಡ ಯಂತ್ರ ಸುಮ್ಮನೆ ಕೂತಿರಬೇಕೆ? ಬೇರೆ ಕಂಪನಿಗಳ ಲೆಕ್ಕವನ್ನೂ ಕೂಲಿಗೆ ಮಾಡಿಕೊಡತೊಡಗಿದರು. ಐವತ್ತರ ದಶಕದ ಮಧ್ಯದಲ್ಲಿ ಫೋರ್ಡ್ ಕಾರು ಕಾರ್ಖಾನೆಯ ನೌಕರರ ಸಂಬಳದ ಲೆಕ್ಕ ಆಗುತ್ತಿದ್ದದ್ದು ಈ ಚಹಾದಂಗಡಿಯ ಕಂಪ್ಯೂಟರಿನಲ್ಲಿ! ಹಿಟ್ಟಿನ ಗಿರಣಿಯ ನ್ಯಾಯವೇ ಇದು. ಎಲ್ಲರ ಮನೆಯಲ್ಲೂ ಗಿರಣಿ ಇಟ್ಟುಕೊಳ್ಳಲಾಗುತ್ತದೆಯೆ? ಡಬ್ಬಿ ಹಿಡಿದುಕೊಂಡು ಹೋಗುವುದು, ಬೀಸಿಸಿಕೊಂಡು ಬರುವುದು.

ಗಿರಣಿ ಎಂದೆನಲ್ಲ, ಅಲ್ಲಿಯ ತೊಂದರೆ ನಮಗೆಲ್ಲ ಗೊತ್ತು. ಒಂದು, ಸಾಲಿನಲ್ಲಿ ಕಾಯಬೇಕು. ಎರಡು, ಮುಂದಿನವರ ರಾಗಿ ನಮ್ಮ ಗೋಧಿ ಹಿಟ್ಟಿಗೆ ಬೆರೆಯುತ್ತದೆ. ಕಂಪ್ಯೂಟರಿನ ಇತಿಹಾಸವೆಂದರೆ ಹೆಚ್ಚುಕಡಿಮೆ ಈ ಎರಡು ತೊಂದರೆಗಳ ಪರಿಹಾರದ ಇತಿಹಾಸವೇ.

ಸಾಲು ಕಾಯುವ ತೊಂದರೆಗೆ ಅಮೆರಿಕದ ಎಂಐಟಿಯಲ್ಲಿ ಒಂದು ಉಪಾಯ ಹುಡುಕಿದರು. ಯಂತ್ರ ಬಹಳ ವೇಗದ್ದು, ಮನುಷ್ಯ ನಿಧಾನದವನು. ಒಬ್ಬ ಯೋಚಿಸುತ್ತಾ ಕೂತಿರುವಾಗ ಯಂತ್ರ ಇನ್ನೊಬ್ಬನ ಕೆಲಸ ಮಾಡಬಹುದಲ್ಲ? ಹೀಗೆ ಕ್ಷಣಕ್ಷಣಕ್ಕೂ ಒಬ್ಬರಿಂದ ಒಬ್ಬರಿಗೆ ಹಾರುತ್ತಿದ್ದರೆ ಪ್ರತಿಯೊಬ್ಬರಿಗೂ ಯಂತ್ರ ತಮ್ಮದೇ ಎನ್ನಿಸುತ್ತದೆ. ಫರ್ನಾಂಡೊ ಕೊರ್ಬಾಟೊ ಎಂಬವರು 1961ರ ನವೆಂಬರಿನಲ್ಲಿ ಇದನ್ನು ಮಾಡಿ ತೋರಿಸಿದರು. ಕೂಡುಕುಟುಂಬದಲ್ಲಿ ದೊಡ್ಡ ಸೊಸೆ ಒಂದೇ ಹೊತ್ತಿಗೆ ಹಾಲು ಕಾಯಿಸುತ್ತಾ, ಮಗುವಿಗೆ ಉಣ್ಣಿಸುತ್ತಾ, ಮಾವನ ಕರೆಗೆ ಓಗೊಡುವುದಿಲ್ಲವೆ? ಅದನ್ನು ಅಲ್ಲಿ ಟೈಮ್ ಶೇರಿಂಗ್ ಎಂದು ಕರೆದರು, ನಮ್ಮಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಅದೇ ವರ್ಷ ಅದೇ ಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ತಿ ಎಂಬ ವಿದ್ವಾಂಸರು, ಮುಂದೊಂದು ದಿನ ಕಂಪ್ಯೂಟರ್ ಕೆಲಸವೂ ಟೆಲಿಫೋನಿನಂತೆ ಸಾರ್ವಜನಿಕ ಸೇವೆಯಾಗಬಹುದು, ಬಳಸಿದಷ್ಟಕ್ಕೆ ದುಡ್ಡು ಕೊಟ್ಟರಾಯಿತು ಎಂಬರ್ಥದ ಮಾತು ಹೇಳಿದರು. ಮೋಡದ ಕಥೆ ಹೇಳುವವರೆಲ್ಲ ಈ ಮಾತಿನಿಂದ ಶುರು ಮಾಡುತ್ತಾರೆ, ಕರೆಂಟಿನ ಹೋಲಿಕೆಯನ್ನೂ ಕೊಡುತ್ತಾರೆ: ಸ್ವಿಚ್ಚು ಒತ್ತಿದರೆ ದೀಪ, ವಿದ್ಯುತ್ತು ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ ಎಂದು. ಶರಾವತಿ ಸೀಮೆಯವರು ಈ ಹೋಲಿಕೆಯನ್ನು ಅಷ್ಟು ಸುಲಭದಲ್ಲಿ ನುಂಗಲಾರೆವು. ಮೆಕಾರ್ತಿ ಆ ಮಾತಾಡಿದ ಹೊತ್ತಿನಲ್ಲಿ ನಮ್ಮ ಕಡೆ ಅಣೆಕಟ್ಟಿನ ಕೆಲಸವೇ ನಡೆಯುತ್ತಿತ್ತು. ಬೆಂಗಳೂರಿನವರು ಒತ್ತಿದ ಸ್ವಿಚ್ಚಿನ ಇನ್ನೊಂದು ತುದಿಯಲ್ಲಿ ನನ್ನ ಅಜ್ಜಿಯ ಅಡುಗೆಮನೆಯಿತ್ತು. ಮುಳುಗಡೆಯಾಗಿ ಎದ್ದುಹೋದವರ ಎಷ್ಟೋ ಮನೆಗಳಿಗೆ ಆ ಕರೆಂಟು ಬಂದದ್ದು ಬಹಳ ವರ್ಷಗಳ ಮೇಲೆ. ಇರಲಿ. ಹೇಳಬಂದದ್ದೇನೆಂದರೆ, ಯಾವ ಸೇವೆಯೂ ಆಕಾಶದಿಂದ ಬರುವುದಿಲ್ಲ.

ಇನ್ನು ಹಿಟ್ಟು ಬೆರೆಯುವ ತೊಂದರೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಾಗ ಒಬ್ಬರ ಕಾಗದ ಇನ್ನೊಬ್ಬರಿಗೆ ಕಾಣಬಾರದು. ಎಂಐಟಿಯ ಆ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಗುಟ್ಟಿನ ಪದವೊಂದನ್ನು ಕೊಟ್ಟರು. ನಾವು ಇವತ್ತು ಮರೆತು ಮರೆತು ಒದ್ದಾಡುವ ಪಾಸ್‌ವರ್ಡ್ ಕಂಪ್ಯೂಟರಿಗೆ ಬಂದದ್ದು ಹೀಗೆ. 1966ರಲ್ಲಿ ಒಂದು ದಿನ ಏನೋ ಅದಲುಬದಲಾಗಿ, ಯಂತ್ರದ ಮುಂದೆ ಕೂತವರಿಗೆಲ್ಲ ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೇ ಕಾಣಿಸಿತಂತೆ! ಇದಕ್ಕಿಂತ ಗಟ್ಟಿಯಾದ ಗೋಡೆ ಬೇಕಿತ್ತು. ಒಂದೇ ನಿಜವಾದ ಕಂಪ್ಯೂಟರಿನೊಳಗೆ ಹಲವು ತೋರಿಕೆಯ ಕಂಪ್ಯೂಟರುಗಳನ್ನು ಮಾಡುವ ವಿದ್ಯೆಯನ್ನು ಐಬಿಎಂ ಕಂಪನಿಯವರು ಅರವತ್ತರ ದಶಕದಲ್ಲಿ ಕಲಿತರು, 1972ರಲ್ಲಿ ಅದನ್ನು ಮಾರುಕಟ್ಟೆಗೂ ತಂದರು. ಆದರೆ ಅದು ನಡೆಯುತ್ತಿದ್ದದ್ದು ಅವರ ಭಾರಿ ಯಂತ್ರಗಳಲ್ಲಿ ಮಾತ್ರ. ಸಾಮಾನ್ಯ ಅಗ್ಗದ ಕಂಪ್ಯೂಟರಿಗೆ ಅದನ್ನು ಒಗ್ಗಿಸಿದ್ದು ವಿಎಂವೇರ್ ಎಂಬ ಕಂಪನಿ. ಅದನ್ನು 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಯೇನ್ ಗ್ರೀನ್, ಆಕೆಯ ಗಂಡ ಪ್ರೊಫೆಸರ್ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಇನ್ನು ಮೂವರು ಸೇರಿ ಕಟ್ಟಿದರು. ಗಂಡ ವಿಶ್ವವಿದ್ಯಾಲಯದ ಮೇಷ್ಟ್ರು, ಹೆಂಡತಿ ಕಂಪನಿಯ ಯಜಮಾನಿ. 2008ರವರೆಗೆ ಹತ್ತು ವರ್ಷ ಆಕೆಯೇ ನಡೆಸಿದಳು. ಒಂದು ಕೋಣೆಯನ್ನು ಹತ್ತು ಮನೆಯವರಿಗೆ ಹಂಚಿಕೊಟ್ಟು, ಒಬ್ಬರ ಸಾರಿನ ವಾಸನೆ ಇನ್ನೊಬ್ಬರಿಗೆ ಬಾರದ ಹಾಗೆ ಗೋಡೆ ಎಬ್ಬಿಸುವ ಈ ಉಪಾಯ ಇಲ್ಲದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ.

ಈ ನಡುವೆ ನಮ್ಮಂಥವರಿಗೆ ಗೊತ್ತಿಲ್ಲದೆ ನಾವೇ ಮೋಡದೊಳಗೆ ಕಾಲಿಟ್ಟಿದ್ದೆವು. 1999ರಲ್ಲಿ ನಮ್ಮ ಪೇಟೆ ಬೀದಿಯಲ್ಲಿ ಮೊದಲ ಸೈಬರ್ ಕೆಫೆ ಬಂತು. ಅಮೆರಿಕಕ್ಕೆ ಹೋದ ಮೈದುನನಿಗೆ ಕಾಗದ ಬರೆಯಲೆಂದು ನಾನು, ನನ್ನ ಓರಗಿತ್ತಿ ಸೆರಗು ಹೊದ್ದು ಒಳಗೆ ಹೋಗಿ ಕೂತಿದ್ದೆವು. ಸುತ್ತ ಇದ್ದ ಕಾಲೇಜು ಹುಡುಗರು ಅಪರಾಧಿಗಳಂತೆ ಎದ್ದು ಹೋದರು! ಕೆಫೆಯ ಹುಡುಗ ನಮಗೆ ಹಾಟ್‌ಮೇಲಿನಲ್ಲಿ ಒಂದು ಖಾತೆ ತೆರೆದುಕೊಟ್ಟ. ಅದನ್ನು ಜಾಕ್ ಸ್ಮಿತ್ ಎಂಬವರ ಜೊತೆ ಸೇರಿ 1996ರ ಜುಲೈ 4ರಂದು ಶುರು ಮಾಡಿದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ ಹುಡುಗ. ಮರುವರ್ಷದ ಕೊನೆಗೇ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ನಮಗೆ ಆಶ್ಚರ್ಯವಾದದ್ದು ಏನೆಂದರೆ, ಕಾಗದ ಆ ಕೆಫೆಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಸಾಗರದಲ್ಲಿ ಬರೆದದ್ದನ್ನು ಶಿವಮೊಗ್ಗದಲ್ಲಿ ತೆರೆದು ಓದಬಹುದಿತ್ತು. ಪ್ರೋಗ್ರಾಮೂ ಅವರದು, ಯಂತ್ರವೂ ಅವರದು, ಜಾಗವೂ ಅವರದು. ನಮ್ಮದು ಎಂಬುದು ಹೆಸರು, ಗುಟ್ಟಿನ ಪದ, ಮತ್ತು ಬರೆದ ನಾಲ್ಕು ಸಾಲು.

ಇದನ್ನೇ ವ್ಯಾಪಾರಸ್ಥರಿಗೂ ಮಾಡಿಕೊಟ್ಟರೆ ಹೇಗೆ ಎಂದು ಮಾರ್ಕ್ ಬೆನಿಯಾಫ್ ಎಂಬವರು 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಬಾಡಿಗೆ ಮನೆಯಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಶುರು ಮಾಡಿದರು. ಗಿರಾಕಿಗಳ ಲೆಕ್ಕಪತ್ರ ಇಡುವ ಪ್ರೋಗ್ರಾಮನ್ನು ಡಬ್ಬಿಯಲ್ಲಿ ಕೊಂಡು ತಂದು ಕಂಪ್ಯೂಟರಿಗೆ ಹಾಕಿಸುವುದು ಬೇಡ, ತಿಂಗಳು ತಿಂಗಳು ಬಾಡಿಗೆ ಕೊಟ್ಟು ಇಂಟರ್‌ನೆಟ್ಟಿನಲ್ಲೇ ಬಳಸಿ ಎಂದರು.

ಆಮೇಲೆ ಬಂದದ್ದು 2006. ಪುಸ್ತಕ ಮಾರುವ ಅಮೆಜಾನ್ ಕಂಪನಿ ಆ ವರ್ಷದ ಮಾರ್ಚಿನಲ್ಲಿ ಕಡತ ಇಡುವ ಜಾಗವನ್ನೂ, ಆಗಸ್ಟಿನಲ್ಲಿ ಕಂಪ್ಯೂಟರನ್ನೇ ಗಂಟೆಯ ಲೆಕ್ಕದಲ್ಲೂ ಬಾಡಿಗೆಗೆ ಬಿಟ್ಟಿತು. ಗಂಟೆಗೆ ಹತ್ತು ಸೆಂಟು. ಕ್ರಿಸ್‌ಮಸ್ ಮುಗಿದ ಮೇಲೆ ಖಾಲಿ ಬಿದ್ದ ಯಂತ್ರಗಳನ್ನು ಹೀಗೆ ದುಡಿಸಿದರು ಎಂದು ಒಂದು ಕಥೆ ಹಬ್ಬಿದೆ. ಆ ಕಂಪನಿಯ ಮುಖ್ಯ ತಂತ್ರಜ್ಞರೇ ಅದು ಸುಳ್ಳೆಂದು ಹೇಳಿದ್ದಾರೆ. ನಿಜ ಕಥೆ ನನಗೆ ಇನ್ನೂ ಚೆನ್ನಾಗಿ ಕಂಡಿತು. ಅಲ್ಲಿ ದೊಡ್ಡ ಎಂಜಿನಿಯರಾಗಿದ್ದ ಕ್ರಿಸ್ ಪಿಂಕ್‌ಹ್ಯಾಮ್ ಎಂಬವರಿಗೆ ತಮ್ಮ ಊರಾದ ದಕ್ಷಿಣ ಆಫ್ರಿಕಕ್ಕೆ ಮರಳಬೇಕೆನ್ನಿಸಿತು. ಕಳೆದುಕೊಳ್ಳಲು ಮನಸ್ಸಿಲ್ಲದ ಕಂಪನಿ, "ಹೋಗಿ, ಅಲ್ಲೇ ಕೂತು ಇದನ್ನು ಕಟ್ಟಿ" ಎಂದಿತು. ಜಗತ್ತಿನ ಕಂಪ್ಯೂಟರ್ ವ್ಯಾಪಾರವನ್ನು ತಿರುಗಿಸಿದ ಆ ಗಂಟೆ ಬಾಡಿಗೆಯ ಯಂತ್ರ ತಯಾರಾದದ್ದು ಕೇಪ್‌ಟೌನಿನ ಸಣ್ಣ ಕಚೇರಿಯಲ್ಲಿ. ತವರಿನ ಸೆಳೆತ ಗಂಡಸರಿಗೂ ಇರುತ್ತದೆ.

2008ರ ಏಪ್ರಿಲಿನಲ್ಲಿ ಗೂಗಲ್ ಮತ್ತೊಂದು ಬಗೆ ತಂದಿತು. ಯಂತ್ರದ ಉಸಾಬರಿಯೇ ನಿಮಗೆ ಬೇಡ, ನೀವು ಬರೆದ ಪ್ರೋಗ್ರಾಮ್ ತಂದುಕೊಡಿ, ಅದನ್ನು ನಡೆಸುವುದು, ಜನ ಹೆಚ್ಚಾದರೆ ಜಾಗ ಹೆಚ್ಚಿಸುವುದು ನಮ್ಮ ಕೆಲಸ ಎಂದು.

ಹೀಗೆ ಮೂರು ಬಗೆ ಆಯಿತು. ಎಲ್ಲರೂ ತಮ್ಮ ತಮ್ಮ ಸರಕಿಗೆ ಮೋಡವೆಂದೇ ಹೆಸರಿಟ್ಟು ಮಾರತೊಡಗಿದಾಗ ಗೊಂದಲವಾಗದೆ ಇರುತ್ತದೆಯೆ? ಕೊನೆಗೆ 2011ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರದ ಅಳತೆ ಮಾನದಂಡಗಳ ಸಂಸ್ಥೆಯ ಪೀಟರ್ ಮೆಲ್, ಟಿಮೊಥಿ ಗ್ರಾನ್ಸ್ ಎಂಬಿಬ್ಬರು ಕೆಲವೇ ಪುಟಗಳಲ್ಲಿ ಇದನ್ನು ವಿಂಗಡಿಸಿ ಬರೆದರು. ಇನ್‌ಫ್ರಾಸ್ಟ್ರಕ್ಚರ್ ಆ್ಯಸ್ ಎ ಸರ್ವೀಸ್, ಪ್ಲಾಟ್‌ಫಾರ್ಮ್ ಆ್ಯಸ್ ಎ ಸರ್ವೀಸ್, ಸಾಫ್ಟ್‌ವೇರ್ ಆ್ಯಸ್ ಎ ಸರ್ವೀಸ್. ಚುಟುಕಾಗಿ ಐಯಾಸ್, ಪಾಸ್, ಸಾಸ್. ಹಿಂದಿ ಧಾರಾವಾಹಿ ನೋಡುವ ನನ್ನ ತಂಗಿ "ಸಾಸ್ ಅಂದರೆ ಅತ್ತೆ ಅಲ್ಲವೇನೇ?" ಎಂದಳು. ಕೇಳಿ ನೋಡಿದರೆ ಅವಳು ಅಂದದ್ದು ಪೂರಾ ತಪ್ಪಲ್ಲ. ಆ ಮನೆಯಲ್ಲಿ ಎಲ್ಲ ನಡೆಯುವುದು ಅತ್ತೆ ಇಟ್ಟ ಹಾಗೆಯೇ.

ಬೆಂಗಳೂರಿನ ಹುಡುಗಿ ನನಗೆ ಚಿತ್ರ ಬರೆದು ವಿವರಿಸಿದಳು. ತಲೆಗೆ ಹೋಗಲಿಲ್ಲ. ಕೊನೆಗೆ ಹತ್ತಿರದಲ್ಲೇ ನಡೆದಿದ್ದ ಮದುವೆಯ ಲೆಕ್ಕದ ಪುಸ್ತಕ ಹಿಡಿದುಕೊಂಡು ನಾನೇ ಅವಳಿಗೆ ವಿವರಿಸಿದೆ, ಅವಳು ಹೌದೆಂದಳು.

ನನ್ನ ಮದುವೆ ನಡೆದದ್ದು ಮನೆಯ ಅಂಗಳದಲ್ಲಿ. ಚಪ್ಪರ ನಮ್ಮದು, ಅಕ್ಕಿ ನಮ್ಮದು, ಪಾತ್ರೆ ಕೇರಿಯ ಹತ್ತು ಮನೆಗಳದು. ಮಳೆ ಬಂದರೂ ಸಾರು ಕೆಟ್ಟರೂ ಅಪ್ಪನ ತಲೆಗೇ. ಸ್ವಂತ ಕಂಪ್ಯೂಟರ್ ಇಟ್ಟುಕೊಂಡವರ ಪಾಡು ಅದು. ಛತ್ರ ಹಿಡಿದರೆ ಗೋಡೆ, ಮಾಡು, ನೀರು, ದೀಪ, ಕಾವಲುಗಾರ ಅವರದು. ಅಡುಗೆಯವರು, ಪಾತ್ರೆ, ದಿನಸಿ ನಮ್ಮದು. ಮಾಡು ಸೋರಿದರೆ ಛತ್ರದವರನ್ನು ಕೇಳಬಹುದು, ಪಾಯಸ ತಳ ಹಿಡಿದರೆ ಕೇಳುವಂತಿಲ್ಲ. ಇದು ಐಯಾಸ್, ಅಮೆಜಾನಿನ ಗಂಟೆ ಬಾಡಿಗೆಯ ಯಂತ್ರ. ಕೆಲವು ಛತ್ರಗಳಲ್ಲಿ ಅಡುಗೆಯವರು, ಒಲೆ, ಹಂಡೆ, ಬಡಿಸುವವರು ಎಲ್ಲ ಇರುತ್ತಾರೆ. ನಾವು ದಿನಸಿ ಕೊಟ್ಟು, ನಮ್ಮ ಮನೆಯ ಅಪ್ಪೆಹುಳಿ ಹೀಗೇ ಆಗಬೇಕು ಎಂದು ಹೇಳಿದರೆ ಸಾಕು. ಅದು ಪಾಸ್, ಗೂಗಲಿನ ಎರಡನೆಯ ಬಗೆ. ಸುಖವೇನೋ ಹೌದು, ಆದರೆ ಅಡುಗೆ ಆ ಒಲೆ ಆ ಹಂಡೆಗೆ ಒಗ್ಗಿಹೋಗುತ್ತದೆ, ನಾಳೆ ಬೇರೆ ಛತ್ರಕ್ಕೆ ಹೋಗುತ್ತೇವೆಂದರೆ ಮೊದಲಿನಿಂದ ಹೊಂದಿಸಿಕೊಳ್ಳಬೇಕು. ಮೂರನೆಯದು ಈಗಿನವರೆಲ್ಲ ಮಾಡುವುದು: ಎಲೆಗಿಷ್ಟು ಎಂದು ಗುತ್ತಿಗೆ. ನಾವು ಜರಿಸೀರೆ ಉಟ್ಟು ಹೋಗಿ ಪಂಕ್ತಿಯಲ್ಲಿ ಕೂತರಾಯಿತು. ಹಾಟ್‌ಮೇಲ್, ಸೇಲ್ಸ್‌ಫೋರ್ಸ್, ಅಣ್ಣನ ಮಗ ಹಾಡು ಇಟ್ಟ ಸೇವೆ ಎಲ್ಲ ಈ ಸಾಸ್ ಪಂಕ್ತಿಯವು. ಉಂಡ ಎಲೆಗಳನ್ನು ಎಣಿಸಿ ದುಡ್ಡು. ಇನ್ನೂರು ಎಲೆ ಹೆಚ್ಚು ಬಿದ್ದರೆ ಆ ಹೊತ್ತಿಗೇ ಏರ್ಪಾಡು ಮಾಡುತ್ತಾರೆ, ಕಡಿಮೆ ಬಿದ್ದರೆ ನಮಗೆ ನಷ್ಟವಿಲ್ಲ. ಬಳಸಿದಷ್ಟಕ್ಕೆ ಬೆಲೆ ಎಂದು ಅವರೆಲ್ಲ ಹೇಳುವುದು ಇದನ್ನೇ.

ನನಗೆ ಹೊಸದಾಗಿ ಹೊಳೆದದ್ದು ಇದಕ್ಕಿಂತ ಮುಂದಿನ ಸಂಗತಿ. ಈ ಮೂರೂ ಬೇರೆ ಬೇರೆ ಅಂಗಡಿಗಳಲ್ಲ, ಒಂದರ ಮೇಲೊಂದು ನಿಂತ ಅಟ್ಟಗಳು. ಎಲೆ ಲೆಕ್ಕದವನು ಅಡುಗೆಯವರನ್ನು ಇನ್ನೊಬ್ಬರಿಂದ ಕರೆಸಿರುತ್ತಾನೆ, ಅವರು ಬೇಯಿಸುವುದು ಮೂರನೆಯವರ ಛತ್ರದಲ್ಲಿ. ಉಣ್ಣುವ ನಮಗೆ ಕಾಣುವುದು ಎಲೆ ಮಾತ್ರ. ಹೆರೋಕು ಎಂಬ ಕಂಪನಿ ಪ್ರೋಗ್ರಾಮ್ ನಡೆಸಿಕೊಡುವ ಎರಡನೆಯ ಬಗೆಯದು, ಅದನ್ನು 2010ರಲ್ಲಿ ಕೊಂಡುಕೊಂಡದ್ದು ಮೂರನೆಯ ಬಗೆಯ ಸೇಲ್ಸ್‌ಫೋರ್ಸ್, ಅದು ನಿಂತಿದ್ದದ್ದು ಮೊದಲನೆಯ ಬಗೆಯ ಅಮೆಜಾನಿನ ಯಂತ್ರಗಳ ಮೇಲೆ. 2011ರ ಏಪ್ರಿಲ್ 21ರಂದು ಅಮೆಜಾನಿನ ಅಮೆರಿಕದ ಪೂರ್ವ ಭಾಗದ ಕೇಂದ್ರದಲ್ಲಿ ನೆಟ್‌ವರ್ಕ್ ಬದಲಾವಣೆಯಲ್ಲಿ ತಪ್ಪಾಗಿ ಯಂತ್ರಗಳು ಕೈಕೊಟ್ಟವು. ಮೇಲಿನ ಹೆರೋಕು ನಿಂತಿತು, ಹೆರೋಕುವಿನ ಮೇಲೆ ತಮ್ಮ ಸಣ್ಣಪುಟ್ಟ ಸೇವೆ ನಡೆಸುತ್ತಿದ್ದ ಎಷ್ಟೋ ಮಂದಿಯದೂ ನಿಂತಿತು. ಅಮೆಜಾನಿಗೂ ತಮಗೂ ಏನು ನಂಟು ಎಂದೇ ಅವರ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಬಾಡಿಗೆದಾರ ಸ್ವಂತ ಮನೆ ಕಟ್ಟಿಕೊಂಡದ್ದೂ ಉಂಟು. ಕಡತ ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸ್ ಬಹಳ ವರ್ಷ ಗಿರಾಕಿಗಳ ಕಡತಗಳನ್ನು ಅಮೆಜಾನಿನಲ್ಲೇ ಇಡುತ್ತಿತ್ತು. 2016ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ತನ್ನದೇ ಯಂತ್ರಗಳಿಗೆ ಸಾಗಿಸಿಕೊಂಡಿತು.

ಮೋಡಕ್ಕೆ ಬೆಂಕಿ ಬೀಳುವುದೂ ಉಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ಕಂಪನಿಯ ಐದು ಅಂತಸ್ತಿನ ಕಟ್ಟಡ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಅಸಲು ಇಲ್ಲಿ, ನಕಲು ಬೇರೆ ಊರಿನಲ್ಲಿ ಇಟ್ಟವರು ಬಚಾವಾದರು. ಎರಡನ್ನೂ ಅದೇ ಕಟ್ಟಡದಲ್ಲಿ ಇಟ್ಟ ಕೆಲವರಿಗೆ ಏನೂ ಸಿಗಲಿಲ್ಲ. ಅವರೆಲ್ಲ ದುಡ್ಡು ಕೊಟ್ಟವರೇ. ಆದರೆ ಅವರು ಬಾಡಿಗೆಗೆ ಹಿಡಿದದ್ದು ಛತ್ರ, ಪಾತ್ರೆಪಗಡಿಯ ಇನ್ನೊಂದು ಜೋಡಿಯನ್ನು ಬೇರೆ ಕಡೆ ಇಟ್ಟುಕೊಳ್ಳುವುದು ಅವರದೇ ಕೆಲಸವಾಗಿತ್ತು. ಯಾವ ಅಟ್ಟದವರೆಗೆ ಅವರ ಹೊಣೆ, ಎಲ್ಲಿಂದ ನಮ್ಮದು ಎಂಬ ಗೆರೆ ಈ ಮೂರು ಬಗೆಗಳಲ್ಲೂ ಬೇರೆ ಬೇರೆ ಕಡೆ ಇರುತ್ತದೆ. ನಾನು ಹುಡುಕುತ್ತಿದ್ದ ಗಡಿಕಲ್ಲು ಇದೇ.

"ಹಾಗಾದರೆ ನಮ್ಮದರಲ್ಲಿ ಗೆರೆ ಎಲ್ಲಿತ್ತು?" ಎಂದು ಆ ಹುಡುಗಿಯನ್ನು ಕೇಳಿದೆ. ಎಲೆ ಊಟದ ಪಂಕ್ತಿಯಲ್ಲಿ ಯಂತ್ರ, ಪ್ರೋಗ್ರಾಮ್, ಕಾವಲು ಎಲ್ಲ ಅವರದು. ಆದರೆ ನಾವು ತಂದಿಟ್ಟ ಸಾಮಾನು ನಮ್ಮದೇ, ಅದರ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದೂ ನಮ್ಮದೇ. "ಜೊತೆಗೆ, ಪುಕ್ಕಟೆ ಊಟಕ್ಕೆ ಕೂತಿದ್ದಿರಿ ದೊಡ್ಡಮ್ಮ" ಎಂದಳು. ಚುಚ್ಚಿದ ಹಾಗಾಯಿತು. ಆದರೂ ನನಗೆ ಒಂದು ತಕರಾರು ಇದೆ. ಪಾರ್ಸ್ ಎಂಬ ಸೇವೆಯನ್ನು ಫೇಸ್‌ಬುಕ್ ಕಂಪನಿ ಮುಚ್ಚುವುದಾಗಿ 2016ರ ಜನವರಿಯಲ್ಲಿ ಹೇಳಿತು, ಮುಚ್ಚಿದ್ದು ಒಂದು ವರ್ಷದ ಮೇಲೆ. ಗಿರಾಕಿಗಳು ತಮ್ಮ ಗಂಟುಮೂಟೆ ಬೇರೆಡೆಗೆ ಸಾಗಿಸಲು ದಾರಿಯನ್ನೂ ಮಾಡಿಕೊಟ್ಟಿತ್ತು. ಒಂದು ವರ್ಷ ಕೊಟ್ಟರೆ ಯಾರಾದರೂ ಒಬ್ಬರ ಕಿವಿಗೆ ಬಿದ್ದೇ ಬೀಳುತ್ತದೆ. ನಮಗೆ ಸಿಕ್ಕಿದ್ದು ಯಾರೂ ಓದದ ಪೆಟ್ಟಿಗೆಗೆ ಬಿದ್ದ ಒಂದು ಪತ್ರ. ಅಜ್ಜನ ಮನೆಗಾದರೂ ಅಮಲ್ದಾರರ ಜವಾನ ನಡೆದು ಬಂದಿದ್ದ.

ಮದುವೆ ಹಾಡಿಲ್ಲದೆಯೇ ನಡೆಯಿತು ಎನ್ನಲಾರೆ. ತಂಗಿಯೂ ನಾನೂ ಸೇರಿ ನೆನಪಿದ್ದಷ್ಟು ಹೇಳಿದೆವು. ಅಲ್ಲಲ್ಲಿ ಸಾಲು ತಪ್ಪಿತು, ಬೀಗರಿಗೆ ಗೊತ್ತಾಗಲಿಲ್ಲ.

ಕ್ಯಾಸೆಟ್ಟು ಎಲ್ಲಿ ಹೋದವು ಎಂಬುದು ಬೇರೆಯೇ ಪುರಾಣ. ಕಂಪ್ಯೂಟರಿಗೆ ಹಾಕಿಸಿದ ಮೇಲೆ ಇನ್ನೇಕೆ ಎಂದು ಅತ್ತಿಗೆ ಮನೆ ಬಣ್ಣ ಬಳಿಸುವಾಗ ಯಾರಿಗೋ ಕೊಟ್ಟಿದ್ದರು. ಅದರಲ್ಲಿ ಎರಡು ಮಾತ್ರ, ಕೊಡುವಾಗ ಕೆಳಗೆ ಬಿದ್ದವೋ ಏನೋ, ಅಣ್ಣನ ಹಳೆಯ ವಿಮಾ ಕಾಗದಗಳ ಪೆಟ್ಟಿಗೆಯಲ್ಲಿ 2022ರಲ್ಲಿ ಸಿಕ್ಕಿದವು. ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಶಿವಮೊಗ್ಗದಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರು ಅದನ್ನು ಬಿಡಿಸಿ, ಒರೆಸಿ, ಮೂರು ದಿನ ಕೂತು ನಡೆಸಿಕೊಟ್ಟರು. ಹತ್ತೊಂಬತ್ತು ಹಾಡು ಉಳಿದಿವೆ. ಈಗ ಅವು ನನ್ನ ಫೋನಿನಲ್ಲಿವೆ, ಅಣ್ಣನ ಮಗನ ಹಾರ್ಡ್ ಡಿಸ್ಕಿನಲ್ಲಿವೆ, ತಿಂಗಳಿಗಿಷ್ಟು ದುಡ್ಡು ಕೊಡುವ ಒಂದು ಮೋಡದಲ್ಲೂ ಇವೆ. ಆ ಖಾತೆಗೆ ನಾಲ್ಕು ಮನೆಯವರ ಇ-ಮೇಲ್ ಕೊಟ್ಟಿದ್ದೇವೆ. ವರ್ಷಕ್ಕೊಮ್ಮೆ ದೀಪಾವಳಿಯ ಮರುದಿನ ಯಾರಾದರೂ ಒಬ್ಬರು ತೆರೆದು ಹತ್ತೊಂಬತ್ತೂ ಇವೆಯೇ ಎಂದು ಎಣಿಸಬೇಕೆಂದು ನಾನು ಕಟ್ಟಪ್ಪಣೆ ಮಾಡಿದ್ದೇನೆ.

ಉಳಿದ ಹನ್ನೆರಡನ್ನು ನೂರು ಪುಟದ ರೂಲಿನ ಪುಸ್ತಕದಲ್ಲಿ ನೆನಪಿದ್ದಷ್ಟು ಬರೆಯುತ್ತಿದ್ದೇನೆ. ಏಳು ಆಗಿವೆ. ಹೆಣ್ಣೊಪ್ಪಿಸುವ ಹಾಡು ಹತ್ತೊಂಬತ್ತರಲ್ಲಿ ಇಲ್ಲ. ಅದರ ಕೊನೆಯ ಎರಡು ನುಡಿ ನನಗೂ ಬರುವುದಿಲ್ಲ, ತಂಗಿಗೂ ಬರುವುದಿಲ್ಲ. ಹೊಸನಗರದ ಕಡೆ ಅಮ್ಮನ ಚಿಕ್ಕಪ್ಪನ ಮಗಳೊಬ್ಬಳು ಇದ್ದಾಳೆ, ಅದೇ ಮುಳುಗಿದ ಊರಿನವಳು, ತೊಂಬತ್ತರ ಹತ್ತಿರ. ಕಿವಿ ಕೇಳುವುದಿಲ್ಲ, ಹಾಡು ಮಾತ್ರ ಬಾಯಲ್ಲಿದೆಯಂತೆ. ಬರುವ ಭಾನುವಾರ ಪುಸ್ತಕ, ಫೋನು ಎರಡನ್ನೂ ತೆಗೆದುಕೊಂಡು ಏಳೂವರೆಯ ಬಸ್ಸಿಗೆ ಹೊರಡುತ್ತಿದ್ದೇನೆ.